ಕೇಲಾಂಗ್–ಲೇಹ್ ದಾರಿಯ ತಂಗುದಾಣಗಳು: ಎಲ್ಲಿ ಕಟ್ಟಬೇಕು, ಯಾರು ನೋಡಿಕೊಳ್ಳಬೇಕು?

ಪ್ರಶ್ನೆ: ದಾವಣಗೆರೆಯ ವಾಸ್ತುಶಿಲ್ಪ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ವಾಸ್ತುಶಿಲ್ಪದ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹಿಮಾಚಲ ಪ್ರದೇಶದ ಕೇಲಾಂಗ್‌ನಿಂದ ಲಡಾಖಿನ ಲೇಹ್‌ವರೆಗಿನ ರಸ್ತೆಯಲ್ಲಿ ಪ್ರವಾಸಿಗರಿಗೆ ಬೇಕಾದ ತಂಗುದಾಣಗಳು ಹೇಗಿರಬೇಕು ಎಂಬುದನ್ನು ನನ್ನ ಅಂತಿಮ ವಿನ್ಯಾಸದ ವಿಷಯವಾಗಿ ತೆಗೆದುಕೊಂಡಿದ್ದೇನೆ. ಆ ಕಡೆ ರಸ್ತೆ ಕೆಲಸ ಮಾಡಿದವರು, ಹೆದ್ದಾರಿಯಲ್ಲಿ ಹೋಟೆಲು ನಡೆಸಿದವರು, ನೀರು ಮತ್ತು ನೈರ್ಮಲ್ಯದ ಕೆಲಸ ಬಲ್ಲವರು ನಮ್ಮ ದಾವಣಗೆರೆ–ಚಿತ್ರದುರ್ಗ ಜಿಲ್ಲೆಗಳಲ್ಲಿ ಅನೇಕರಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ ನನ್ನ ತಾಯಿ. ಕಳೆದ ವರ್ಷ ಜುಲೈ ತಿಂಗಳಲ್ಲಿ ತಾಯಿ, ಚಿಕ್ಕಮ್ಮ ಮತ್ತು ನಾನು ಮನಾಲಿಯಿಂದ ಬಾಡಿಗೆ ಗಾಡಿಯಲ್ಲಿ ಲೇಹ್‌ಗೆ ಹೊರಟಿದ್ದೆವು. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ರೋಹ್ತಾಂಗ್ ಏರುವ ಕಷ್ಟ ತಪ್ಪಿದೆ, 46 ಕಿಲೋಮೀಟರ್ ದೂರವೂ ಕಡಿಮೆಯಾಗಿದೆ. ಕೇಲಾಂಗ್ ತಲುಪುವವರೆಗೆ ಪ್ರಯಾಣ ಸುಖವಾಗಿಯೇ ಇತ್ತು. ದಾರ್ಚಾ ದಾಟಿದ ಮೇಲೆ ಊರೂ ಇಲ್ಲ, ಮರವೂ ಇಲ್ಲ, ಒಂದು ಮರೆಯೂ ಇಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇದೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ ಅವರು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ, ಅದನ್ನು ನಮಗೆ ಹೇಳಿಯೂ ಇರಲಿಲ್ಲ. ಸುಮಾರು 4,890 ಮೀಟರ್ ಎತ್ತರದ ಬಾರಾಲಾಚಾ ಕಣಿವೆದಾರಿ ಹತ್ತಿರವಾದಾಗ ಅವರಿಗೆ ತಲೆ ಸಿಡಿಯತೊಡಗಿತು, ವಾಂತಿಯಾಯಿತು. ಚಾಲಕ ತಡಮಾಡದೆ ಗಾಡಿ ತಿರುಗಿಸಿದ. ಜಿಂಗ್‌ಜಿಂಗ್‌ಬಾರ್‌ನ ಡೇರೆ ಧಾಬಾದ ಹೆಂಗಸೊಬ್ಬಳು ತನ್ನ ಹಾಸಿಗೆಯಲ್ಲೇ ತಾಯಿಯನ್ನು ಮಲಗಿಸಿ ಬಿಸಿನೀರು ಕುಡಿಸಿದಳು. ಸಂಜೆಯೊಳಗೆ ಜಿಸ್ಪಾಕ್ಕೆ ಇಳಿದು ಎರಡು ದಿನ ಅಲ್ಲೇ ಉಳಿದೆವು. ಆಮೇಲೆ ನಿಧಾನವಾಗಿ ಲೇಹ್ ತಲುಪಿದೆವು. ಶೌಚಾಲಯವಿಲ್ಲದ್ದು ಒಬ್ಬ ಹೆಂಗಸಿನ ಜೀವಕ್ಕೇ ಸಂಚಕಾರ ತರಬಹುದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ನನ್ನ ಮೊದಲ ನಕ್ಷೆಯಲ್ಲಿ ದಾರ್ಚಾ, ಸರ್ಚು, ಪಾಂಗ್, ದೆಬ್ರಿಂಗ್ ಈ ನಾಲ್ಕು ಕಡೆ ತಲಾ ಇಪ್ಪತ್ತು ಕೋಣೆಗಳ ವಸತಿ, ಉಪಾಹಾರ ಗೃಹ, ಗಾಜಿನ ವೀಕ್ಷಣಾ ಕಟ್ಟೆ ಮತ್ತು ಶೌಚಾಲಯಗಳಿದ್ದವು. ಅದನ್ನು ನೋಡಿದ ನನ್ನ ಮಾರ್ಗದರ್ಶಕರು, ‘ನವೆಂಬರ್‌ನಿಂದ ಮೇವರೆಗೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಗಡಿ ರಸ್ತೆ ಸಂಸ್ಥೆಯ ರಸ್ತೆಗಳ ಬದಿಯಲ್ಲಿ 75 ಸ್ಥಳಗಳಲ್ಲಿ ಖಾಸಗಿಯವರ ಸಹಭಾಗಿತ್ವದಿಂದ ‘ಬಿಆರ್‌ಒ ಕೆಫೆ’ಗಳನ್ನು ತೆರೆಯಲು ರಕ್ಷಣಾ ಸಚಿವಾಲಯ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, ವಾಹನ ನಿಲುಗಡೆ, ಊಟ, ಶೌಚಾಲಯ, ಪ್ರಥಮ ಚಿಕಿತ್ಸೆ ಎಲ್ಲವೂ ಅದರಲ್ಲಿ ಸೇರಿವೆ. ಹಾಗಿರುವಾಗ ನನ್ನ ವಿನ್ಯಾಸ ಯಾವ ಕೊರತೆಯನ್ನು ತುಂಬಬೇಕು? ಯಾವ ಜಾಗ ಸರಿ, ಯಾವ ವಸ್ತುವಿನಿಂದ ಕಟ್ಟಬೇಕು, ನೀರು ಮತ್ತು ಮಲದ ವ್ಯವಸ್ಥೆ ಏನು? ಬಲ್ಲವರು ದಯವಿಟ್ಟು ತಿದ್ದಿ ಹೇಳಿ.


ಉತ್ತರ: ಹೊಸದುರ್ಗದ ನಿವೃತ್ತ ರಸ್ತೆ ಮೇಲ್ವಿಚಾರಕ

ತಂಗಿ, ನಿನ್ನ ತಾಯಿಯವರು ಹಿಂದಿರುಗಿದ್ದು ಬಹಳ ಒಳ್ಳೆಯದಾಯಿತು. ಆ ಚಾಲಕನಿಗೆ ಅನುಭವವಿತ್ತು. ನಾನು ಹಲವು ಬೇಸಿಗೆಗಳನ್ನು ಆ ರಸ್ತೆಯ ಮೇಲೆ ಕಳೆದವನು, ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೊದಲನೆಯದಾಗಿ, ಸರ್ಚು ಮತ್ತು ಪಾಂಗ್‌ನಲ್ಲಿ ವಸತಿ ಗೃಹ ಕಟ್ಟುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡು. ಸರ್ಚು ಸುಮಾರು 4,300 ಮೀಟರ್ ಎತ್ತರದಲ್ಲಿದೆ, ಪಾಂಗ್ ಸುಮಾರು 4,600. ಈ ಎತ್ತರದಲ್ಲಿ, ಮೈ ಹೊಂದಿಕೊಳ್ಳದವರು ಮಲಗುವುದೇ ಅಪಾಯ. ಹಗಲಲ್ಲಿ ದಾಟಿ ಹೋದವರಿಗೆ ಏನೂ ಆಗದಿರಬಹುದು, ರಾತ್ರಿ ಮಲಗಿದವರಿಗೆ ಉಸಿರು ಸಾಲದೆ ಎಚ್ಚರವಾಗುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಆದರೆ ಸರ್ಚುವಿನಲ್ಲಿ ಕಾಯಿಲೆಬಿದ್ದವರು ಎತ್ತ ಹೋಗಬೇಕೆಂದರೂ ಮೊದಲು ಏರಲೇಬೇಕು: ಇತ್ತ ಬಾರಾಲಾಚಾ, ಅತ್ತ ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಹತ್ತಿದ ಮೇಲೆ 5,000 ಮೀಟರ್ ಮೀರಿದ ಲಾಚುಲಂಗ್ ಲಾ ಕಣಿವೆದಾರಿ. ಎರಡು ಗೋಡೆಗಳ ನಡುವಿನ ಹಳ್ಳದಲ್ಲಿ ಸಿಕ್ಕಿದಂತೆ. ಅಲ್ಲಿ ಇಪ್ಪತ್ತು ಕೋಣೆ ಕಟ್ಟಿದರೆ ಜನ ಉಳಿಯುತ್ತಾರೆ. ಉಳಿಯುವಂತೆ ಮಾಡುವುದೇ ತಪ್ಪು. ರಾತ್ರಿಯ ವಸತಿ ಕೇಲಾಂಗ್, ಜಿಸ್ಪಾ ಕಡೆಯಲ್ಲೇ ಇರಲಿ, ಅವು ಹೆಚ್ಚೂಕಡಿಮೆ 3,000ದಿಂದ 3,300 ಮೀಟರ್ ಎತ್ತರದಲ್ಲಿವೆ. ಮೇಲಿನ ನಿಲ್ದಾಣಗಳಿಗೆ ಬೇಕಾಗಿರುವುದು ಶೌಚಾಲಯ, ಬಿಸಿನೀರು, ಗಾಳಿ ತಡೆದ ಒಂದು ಕೋಣೆ, ಆಮ್ಲಜನಕದ ಸಿಲಿಂಡರ್, ಕೆಟ್ಟುನಿಂತ ಗಾಡಿಯವರು ಒಂದು ರಾತ್ರಿ ಜೀವ ಹಿಡಿದುಕೊಳ್ಳುವಷ್ಟು ಜಾಗ. ಇಷ್ಟೇ.

ಜಾಗದ ವಿಚಾರದಲ್ಲಿ ಯಾವ ನಕ್ಷೆಯಲ್ಲೂ ಕಾಣದ ಒಂದು ಸಂಗತಿಯಿದೆ. ಬೆಳಗ್ಗೆ ಕಾಲು ನೆನೆಯದಷ್ಟು ಹರಿಯುವ ನಾಲಾಗಳು, ಅಂದರೆ ಬೆಟ್ಟದ ತೊರೆಗಳು, ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿದಂತೆ ಉಕ್ಕುತ್ತವೆ. ರಸ್ತೆಯನ್ನು ಅಡ್ಡ ಹಾಯುವ ಇಂಥ ನಾಲಾಗಳ ಎರಡೂ ದಂಡೆಗಳಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಜನ ನಿಜವಾಗಿ ನಿಲ್ಲುವುದು ಅಲ್ಲಿ, ನೋಟ ಚೆನ್ನಾಗಿರುವ ಕಡೆಯಲ್ಲ. ಬೇಸಿಗೆಯಲ್ಲಿ ಹೋಗಿ ಮಧ್ಯಾಹ್ನ ಎರಡು ಗಂಟೆಯ ನಂತರ ಗಾಡಿಗಳ ಸಾಲು ಎಲ್ಲೆಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಕೊ. ಹಿಮಕುಸಿತದ ದಾರಿ ಯಾವುದೆಂದು ರಸ್ತೆಯವರನ್ನೂ ಹಳ್ಳಿಯವರನ್ನೂ ಕೇಳು. ಜುಲೈನಲ್ಲಿ ಹುಲ್ಲು ಹಸಿರಾಗಿ ಕಾಣುವ ಇಳಿಜಾರೇ ಮಾರ್ಚ್‌ನಲ್ಲಿ ಎಲ್ಲವನ್ನೂ ಗುಡಿಸಿಕೊಂಡು ಹೋಗುವುದುಂಟು.

ಇನ್ನೊಂದು ಮಾತು. ಶಿಂಕು ಲಾ ಕಣಿವೆದಾರಿಯ ಅಡಿಯಲ್ಲಿ 4.1 ಕಿಲೋಮೀಟರ್ ಉದ್ದದ ಜೋಡಿ ಸುರಂಗದ ಕೆಲಸಕ್ಕೆ 2024ರ ಜುಲೈ 26ರಂದು ಮೊದಲ ಸ್ಫೋಟ ಮಾಡಲಾಯಿತು. ಅದು ಮುಗಿದ ಮೇಲೆ ದಾರ್ಚಾದಿಂದ ಜಾನ್ಸ್ಕಾರಿನ ಪದುಮ್ ಮೂಲಕ ಲೇಹ್ ಹತ್ತಿರದ ನಿಮ್ಮುವಿಗೆ ಹೋಗುವ 298 ಕಿಲೋಮೀಟರ್ ರಸ್ತೆ ವರ್ಷವಿಡೀ ತೆರೆದಿರಬೇಕೆಂಬುದು ಉದ್ದೇಶ. ಆಗ ಗಾಡಿಗಳಲ್ಲಿ ಒಂದು ಪಾಲು ಅತ್ತ ತಿರುಗುತ್ತದೆ. ಸರ್ಚು–ಪಾಂಗ್ ಕಡೆ ಕಲ್ಲು ಕಾಂಕ್ರೀಟಿನಲ್ಲಿ ದೊಡ್ಡದಾಗಿ ಕಟ್ಟಿದ್ದು ಹಾಳು ಬೀಳಬಹುದು. ಎರಡೂ ರಸ್ತೆಗಳು ಕವಲೊಡೆಯುವ ದಾರ್ಚಾದಲ್ಲಿ ಮಾತ್ರ ಗಟ್ಟಿ ಕಟ್ಟಡವಿರಲಿ. ಅದರ ಆಚೆಗೆ ಬಿಚ್ಚಿ ಜೋಡಿಸುವಂಥದ್ದು ಸಾಕು.

ಕಾಂಕ್ರೀಟಿನ ಮಾತು ಬಂದಿದ್ದರಿಂದ ಹೇಳುತ್ತೇನೆ: ರಾತ್ರಿ ಹೆಪ್ಪುಗಟ್ಟುವ ಕಡೆ ಹೊಸ ಕಾಂಕ್ರೀಟಿನೊಳಗಿನ ನೀರೇ ಮಂಜಾಗಿ ಉಬ್ಬಿ ಅದನ್ನು ಒಡೆಯುತ್ತದೆ. ಜುಲೈ–ಆಗಸ್ಟ್‌ನಲ್ಲೂ ಸರ್ಚುವಿನ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಕೆಲಸ ಮಾಡಲು ಸಿಗುವುದು ನಾಲ್ಕು ತಿಂಗಳು, ಅದರಲ್ಲಿ ದಿನಕ್ಕೆ ಕೆಲವೇ ಗಂಟೆ.


ಉತ್ತರ: ಚಿತ್ರದುರ್ಗದ ಎಂಜಿನಿಯರ್, ನೀರು ಮತ್ತು ನೈರ್ಮಲ್ಯ

ಮೇಲಿನ ಹಿರಿಯರ ಮಾತಿಗೆ ಶೌಚಾಲಯದ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಇಡೀ ವಿನ್ಯಾಸ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಒಂದು ನಿಲ್ದಾಣವನ್ನು ದಿನಕ್ಕೆ 500 ಮಂದಿ ಬಳಸುತ್ತಾರೆಂದು ಇಟ್ಟುಕೊಳ್ಳೋಣ. ಒಬ್ಬರಿಗೆ ಆರು ಲೀಟರ್ ನೀರು ಹಾಯಿಸಿದರೂ ದಿನಕ್ಕೆ 3,000 ಲೀಟರ್ ಬೇಕು, ಕೈತೊಳೆಯುವುದು ಬೇರೆ. ಅಷ್ಟು ನೀರನ್ನು ಕೊಳವೆಯಲ್ಲಿ ತಂದರೆ ರಾತ್ರಿ ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ. ಟ್ಯಾಂಕರಿನಲ್ಲಿ ತಂದರೆ ಆ ವೆಚ್ಚವನ್ನು ಯಾವ ಧಾಬಾದವರೂ ಭರಿಸಲಾರರು. ಬಳಸಿದ ನೀರು ಎಲ್ಲಿ ಹೋಗಬೇಕು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದು ಅದರೊಳಗಿನ ಜೀವಾಣುಗಳು ಮಲವನ್ನು ಕೊಳೆಯಿಸುವುದರಿಂದ. ಚಳಿ ಹೆಚ್ಚಾದಂತೆ ಆ ಕೆಲಸ ನಿಧಾನವಾಗುತ್ತದೆ, ಹೆಪ್ಪುಗಟ್ಟುವ ಹಂತದಲ್ಲಿ ನಿಂತೇಹೋಗುತ್ತದೆ. ಅಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದರೆ ತುಂಬುವ ತೊಟ್ಟಿಯಷ್ಟೇ. ತುಂಬಿದ ಮೇಲೆ ಸೋರಿ ಕೆಳಗಿನ ಹೊಳೆಗೆ ಸೇರುತ್ತದೆ. ಕೆಳಗಿನ ಹಳ್ಳಿಗಳು ಆ ಹೊಳೆಯ ನೀರನ್ನೇ ಹೊಲಕ್ಕೆ ಹಾಯಿಸುತ್ತವೆ, ಕುಡಿಯುತ್ತವೆ.

ಇದಕ್ಕೆ ಪರಿಹಾರವನ್ನು ಲಡಾಖಿನವರು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದಾರೆ. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ–ಹಿಮ ಎರಡೂ ಸೇರಿ ಸುಮಾರು 100 ಮಿಲಿಮೀಟರ್; ನಾವು ಬರದ ಸೀಮೆ ಎನ್ನುವ ಚಳ್ಳಕೆರೆಯಲ್ಲಿ ಬೀಳುವುದೂ ಅದರ ಎಷ್ಟೋ ಪಟ್ಟು ಹೆಚ್ಚು. ಅಷ್ಟು ಒಣ ಸೀಮೆಯಲ್ಲಿ ಅವರು ನೀರಿಲ್ಲದ ಶೌಚಾಲಯವನ್ನು ಮನೆಯ ಮೇಲಂತಸ್ತಿನಲ್ಲಿ ಕಟ್ಟುತ್ತಾರೆ. ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಒಣಮಣ್ಣಿನ ರಾಶಿ, ಒಂದು ಸಲಿಕೆ. ಬಳಸಿದವರು ಮಣ್ಣು ಅಥವಾ ಬೂದಿಯನ್ನು ಕೆಳಗೆ ತಳ್ಳುತ್ತಾರೆ. ಕೆಳಗಿನ ಕೋಣೆಯಲ್ಲಿ ಅದು ಒಣಗಿ ಗೊಬ್ಬರವಾಗಿ ವಸಂತದಲ್ಲಿ ಬಾರ್ಲಿ ಹೊಲಕ್ಕೆ ಹೋಗುತ್ತದೆ. ವಾಸನೆ ಬಹಳ ಕಡಿಮೆ, ನೀರು ಬೇಡವೇ ಬೇಡ.

ಆದರೆ ಮನೆಯ ವ್ಯವಸ್ಥೆಯನ್ನು ರಸ್ತೆಬದಿಗೆ ಹಾಗೆಯೇ ತಂದರೆ ಸೋಲುತ್ತದೆ. ಮನೆಯವರು ಮಣ್ಣು ತಳ್ಳುತ್ತಾರೆ, ದಾರಿಹೋಕರು ತಳ್ಳುವುದಿಲ್ಲ. ನಮ್ಮ ಕಡೆಯ ಪ್ರವಾಸಿಗರು ನೀರಿನಿಂದ ತೊಳೆದುಕೊಳ್ಳುವವರು, ಬಾಟಲಿಯ ನೀರನ್ನೆಲ್ಲ ಕಿಂಡಿಗೆ ಸುರಿಯುತ್ತಾರೆ. ಒದ್ದೆಯಾದರೆ ಗೊಬ್ಬರವಾಗದೆ ನಾರುವ ಕೆಸರಾಗುತ್ತದೆ. ಹಾಗಾಗಿ ಮೂತ್ರ ಬೇರೆ ಹೋಗುವ, ತೊಳೆದ ನೀರು ಇನ್ನೊಂದು ಕಾಲುವೆಯಿಂದ ಹೋಗುವ ಶೌಚದ ಪೀಠವನ್ನು ಆರಿಸಿಕೊಳ್ಳಿ. ಕೆಳಗೆ ಎರಡು ಕೋಣೆಗಳಿರಲಿ: ಒಂದು ವರ್ಷ ಒಂದನ್ನು ಬಳಸಿ ಮುಚ್ಚಿ, ಮುಂದಿನ ವರ್ಷ ಇನ್ನೊಂದನ್ನು ತೆರೆಯಬೇಕು. ಕೋಣೆಯ ಬಾಗಿಲು ದಕ್ಷಿಣಕ್ಕಿರಲಿ, ಕಪ್ಪು ಬಣ್ಣ ಬಳಿದ ತಗಡಿನದಾಗಿರಲಿ. ಬಿಸಿಲು ಒಳಗನ್ನು ಕಾಯಿಸಿ ಬೇಗ ಒಣಗಿಸುತ್ತದೆ. ಸ್ಯಾನಿಟರಿ ಪ್ಯಾಡಿಗೆ, ಒದ್ದೆ ಟಿಶ್ಯೂಗೆ ಪ್ರತಿ ಕೋಣೆಯಲ್ಲೂ ಮುಚ್ಚಳದ ಡಬ್ಬಿಯಿರಬೇಕು. ಪಾಂಗ್‌ನ ಸುತ್ತ ಹೊಲಗಳಿಲ್ಲ. ಒಣಗಿದ್ದನ್ನು ಕೆಳಗೆ ಸಾಗಿಸಲೇಬೇಕು. ಒಣಗಿದರೆ ತೂಕ ಇಳಿಯುತ್ತದೆ, ಸರಕು ಇಳಿಸಿ ಖಾಲಿ ಮರಳುವ ಲಾರಿಗಳಲ್ಲಿ ಚೀಲ ಕಟ್ಟಿ ಕಳಿಸಬಹುದು. ಈ ಸಾಗಣೆಯ ದಿನಾಂಕ, ದಾರಿ, ಖರ್ಚು ನಿಮ್ಮ ನಕ್ಷೆಯ ಜೊತೆಗಿರಬೇಕು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ಚಿತ್ರ.

ಕಸದ ಬಗ್ಗೆಯೂ ಒಂದು ಮಾತು. ದೆಬ್ರಿಂಗ್‌ನಿಂದ ಸ್ವಲ್ಪ ಒಳಗೆ ತ್ಸೋ ಕರ್ ಸರೋವರವಿದೆ. 2020ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಲಡಾಖಿನ ರಾಜ್ಯಪಕ್ಷಿಯಾದ ಕಪ್ಪುಕತ್ತಿನ ಕೊಕ್ಕರೆ ಅಲ್ಲಿನ ಜೌಗಿನಲ್ಲಿ ಗೂಡು ಕಟ್ಟುತ್ತದೆ. ಧಾಬಾಗಳ ಮುಸುರೆ ಹೊರಗೆ ಬಿದ್ದರೆ ನಾಯಿಗಳು ಹೆಚ್ಚುತ್ತವೆ, ಧಾಬಾ ಮುಚ್ಚಿದ ಮೇಲೆ ಹಸಿದ ನಾಯಿಗಳು ನೆಲದ ಮೇಲಿನ ಮೊಟ್ಟೆ ಮರಿಗಳನ್ನು ಹುಡುಕಿಕೊಂಡು ಹೋಗುತ್ತವೆ. ಒಂದು ಮುಚ್ಚಿದ ಮುಸುರೆ ತೊಟ್ಟಿಗೂ ಆ ಹಕ್ಕಿಯ ಉಳಿವಿಗೂ ಇಷ್ಟು ಹತ್ತಿರದ ಸಂಬಂಧವಿದೆ.


ವಿದ್ಯಾರ್ಥಿನಿ

ಇಬ್ಬರಿಗೂ ತುಂಬ ಧನ್ಯವಾದಗಳು. ಇಪ್ಪತ್ತು ಕೋಣೆಗಳನ್ನು ಇಂದೇ ತೆಗೆದುಹಾಕಿದೆ. ಗೋಡೆಗೆ ಏನು ಬಳಸಬೇಕು ಎಂಬುದು ಉಳಿದಿದೆ. ದಾರ್ಚಾದ ಕಟ್ಟಡಕ್ಕೆ ಮಣ್ಣಿನ ಇಟ್ಟಿಗೆಯನ್ನು ಯೋಚಿಸುತ್ತಿದ್ದೇನೆ. ಲಡಾಖಿನ ಮನೆಗಳಿಗೂ ನಮ್ಮ ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಮಾಳಿಗೆ ಮನೆಗಳಿಗೂ ಇರುವ ಹೋಲಿಕೆ ನನ್ನನ್ನು ಬಹಳ ಸೆಳೆದಿದೆ: ಇಲ್ಲಿ ಜಂತೆಯ ಮೇಲೆ ಕಡ್ಡಿ ಹಾಸಿ ಕರಲುಮಣ್ಣು ಹೊದಿಸುತ್ತಾರೆ, ಅಲ್ಲಿ ಪಾಪ್ಲರ್ ಮರದ ಜಂತೆಯ ಮೇಲೆ ವಿಲ್ಲೋ ಕಡ್ಡಿ ಹಾಸಿ ಮಣ್ಣು ಹೊದಿಸುತ್ತಾರೆ. ಎರಡೂ ಮಳೆ ಕಡಿಮೆಯಿರುವ ಸೀಮೆಗಳ ಚಪ್ಪಟೆ ಮಾಳಿಗೆಗಳು. ಆದರೆ ದಾರ್ಚಾ ಇರುವ ಲಾಹೌಲ್ ಕಡೆ ಹಿಮ ಲಡಾಖಿಗಿಂತ ಬಹಳ ಹೆಚ್ಚು ಬೀಳುವುದರಿಂದ ಮಾಳಿಗೆಯ ಮೇಲಿನ ಹಿಮವನ್ನು ತಳ್ಳುವವರು ಚಳಿಗಾಲದಲ್ಲೂ ಇರಬೇಕಾಗುತ್ತದೆ. ಮತ್ತೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತೇನೆ.


ಉತ್ತರ: ಹಿರಿಯೂರು ಬಳಿಯ ಹೆದ್ದಾರಿ ಹೋಟೆಲಿನವರು

ಅಮ್ಮಾ, ನಾನು ಕಟ್ಟಡ ಕಟ್ಟುವವನಲ್ಲ. 48ನೇ ಹೆದ್ದಾರಿಯಲ್ಲಿ ಬಹಳ ವರ್ಷಗಳಿಂದ ಹೋಟೆಲು ನಡೆಸುತ್ತಿದ್ದೇನೆ. ಲೇಹ್‌ಗೆ ಒಮ್ಮೆ ಮಗನ ಜೊತೆ ಹೋಗಿ ಬಂದಿದ್ದೇನೆ. ನಡೆಸುವವನ ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ.

ಸಂಸಾರಸಮೇತ ಬರುವ ಗಾಡಿ ಮೊದಲು ನಿಲ್ಲುವುದು ಶೌಚಾಲಯಕ್ಕೆ, ಊಟ ಆಮೇಲಿನದು. ಹೆಂಗಸರು ಮೊದಲು ಹೋಗಿ ನೋಡಿ ಬರುತ್ತಾರೆ; ಅವರು ಸರಿಯಿದೆ ಎಂದರೆ ಮಾತ್ರ ಎಲೆ ಹಾಕುವ ಮಾತು. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಇದು ಒಂದು ದಿನವೂ ಸುಳ್ಳಾಗಿಲ್ಲ. ನನ್ನಲ್ಲಿ ಅಡುಗೆಯವರಿಗಿಂತ ಬೇಗ ಬಂದು ತಡವಾಗಿ ಹೋಗುವವರು ಶೌಚಾಲಯ ತೊಳೆಯುವ ಇಬ್ಬರು, ಸರದಿಯ ಮೇಲೆ. ಅವರ ಸಂಬಳವನ್ನು ನಾನು ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆಯುತ್ತೇನೆ. ಒಂದು ಬಸ್ಸಿನಿಂದ ನಲವತ್ತು ಜನ ಒಟ್ಟಿಗೆ ಇಳಿದಾಗ ಸಾಲು ಬೆಳೆಯುವುದು ಹೆಂಗಸರ ಕಡೆಯೇ, ಆದ್ದರಿಂದ ಅವರಿಗೆ ಗಂಡಸರ ಎರಡರಷ್ಟು ಕೋಣೆಗಳಿರಬೇಕು. ಮನಾಲಿಯಿಂದಲೂ ಜಿಸ್ಪಾದಿಂದಲೂ ಎಲ್ಲರೂ ನಸುಕಿನಲ್ಲೇ ಹೊರಡುವುದರಿಂದ ಸರ್ಚು, ಪಾಂಗ್‌ಗಳಲ್ಲಿ ಎಲ್ಲ ಗಾಡಿಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಸೇರುತ್ತವೆ. ದಿನದ ಸರಾಸರಿ ಹಿಡಿದು ಲೆಕ್ಕ ಹಾಕಿದರೆ ಮೋಸಹೋಗುತ್ತೀರಿ. ಆ ಎರಡು ಗಂಟೆಯ ನೂಕುನುಗ್ಗಲನ್ನು ಹಿಡಿದು ಹಾಕಿ.

ಹಿಂದೆ ಒಂದು ಹೆದ್ದಾರಿಯ ಬದಿಯಲ್ಲಿ ಸಾರ್ವಜನಿಕ ಹಣದಿಂದ ಕಟ್ಟಿದ ಒಳ್ಳೆಯ ವಿಶ್ರಾಂತಿ ಕಟ್ಟಡವೊಂದನ್ನು ನಾನು ಗುತ್ತಿಗೆಗೆ ಹಿಡಿಯಲು ನೋಡಲು ಹೋಗಿದ್ದೆ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಎಲ್ಲ ಇತ್ತು; ಶೌಚಾಲಯಕ್ಕೆ ಬೀಗ ಹಾಕಿತ್ತು. ಗುತ್ತಿಗೆಯ ಕಾಗದದಲ್ಲಿ ಬಾಡಿಗೆ ಎಷ್ಟು, ಫಲಕ ಎಷ್ಟು ದೊಡ್ಡದು ಎಂದೆಲ್ಲ ಬರೆದಿದ್ದರು, ತೊಳೆಯುವವರ ಸಂಬಳ ಯಾರ ತಲೆಗೆ ಎಂದು ಬರೆದಿರಲಿಲ್ಲ. ನಾನು ಹಿಡಿಯಲಿಲ್ಲ, ಹಿಡಿದವರೂ ಬಿಟ್ಟು ಹೋದರು. ನೀವು ಹೇಳಿದ ಕೆಫೆ ಯೋಜನೆಯಲ್ಲಿ ಪರವಾನಗಿ 15 ವರ್ಷಕ್ಕೆ ಎಂದಿದೆ, ಆಮೇಲೆ ಐದು ವರ್ಷ ವಿಸ್ತರಿಸಬಹುದು. ಅವಧಿ ಒಳ್ಳೆಯದೇ, ಹಾಕಿದ ಬಂಡವಾಳ ಹಿಂದಿರುಗಲು ಸಮಯ ಸಿಗುತ್ತದೆ. ಆದರೆ ಐದು ತಿಂಗಳ ವ್ಯಾಪಾರದಲ್ಲಿ ಹನ್ನೆರಡು ತಿಂಗಳು ಕಳೆಯಬೇಕಾದವನು ಮೊದಲು ಕೈಬಿಡುವುದು ಶೌಚಾಲಯವನ್ನು. ಆದ್ದರಿಂದ ಮೇಲಿನ ನಿಲ್ದಾಣಗಳಲ್ಲಿ ಶೌಚಾಲಯದ ಖರ್ಚು ಊಟದ ವ್ಯಾಪಾರಕ್ಕೆ ಅಂಟಿಕೊಂಡಿರಬಾರದು, ಅದಕ್ಕೆ ಬೇರೆ ದುಡ್ಡು ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಆ ಡೇರೆ ಧಾಬಾಗಳು. ಸೇನೆಯ ಹಳೆಯ ಪ್ಯಾರಾಚೂಟ್ ಬಟ್ಟೆಯನ್ನು ಹೊದಿಸಿ, ಸುತ್ತ ಕಲ್ಲಿನ ಮೋಟುಗೋಡೆ ಕಟ್ಟಿ, ಒಳಗೆ ಸಾಲಾಗಿ ಹಾಸಿಗೆ ಹಾಸಿರುತ್ತಾರೆ. ನಿಮ್ಮ ತಾಯಿಯವರನ್ನು ಮಲಗಿಸಿದ್ದು ಅಂಥದ್ದರಲ್ಲೇ. ಪಾಂಗ್‌ನಲ್ಲಿ ನಾನು ಒಲೆಯ ಬಳಿ ಕೂತು ನೋಡಿದೆ: ಆ ಎತ್ತರದಲ್ಲಿ ನೀರು 85 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಬೇಳೆ, ಅಕ್ಕಿ ಎಲ್ಲಕ್ಕೂ ಕುಕ್ಕರ್ ಬೇಕು, ಗ್ಯಾಸು ಕೆಳಗಿನಿಂದ ಬರಬೇಕು. ಅಷ್ಟು ಕಷ್ಟದಲ್ಲಿ ಅವರು ಬಿಸಿಬಿಸಿ ತುಕ್ಪಾ (ನೂಡಲ್ಸ್ ಸಾರು) ಕೊಡುತ್ತಾರೆ. ಹೊಸ ಕಟ್ಟಡ ಬಂದು ದೊಡ್ಡ ಬಂಡವಾಳದವರು ಗುತ್ತಿಗೆ ಹಿಡಿದರೆ ಈ ಸಂಸಾರಗಳು ಎಲ್ಲಿ ಹೋಗಬೇಕು? ನಿಮ್ಮ ವಿನ್ಯಾಸದಲ್ಲಿ ಅವರ ಡೇರೆಗಳು ಇದ್ದಲ್ಲೇ ಇರಲಿ. ಅವರಿಗೆ ಗಾಳಿ ತಡೆಯುವ ಗೋಡೆ, ಪಾತ್ರೆ ತೊಳೆದ ನೀರಿಗೆ ಇಂಗುಗುಂಡಿ, ಮುಸುರೆ ತೊಟ್ಟಿ, ಬಿಸಿಲಿನಿಂದ ಕಾಯುವ ನೀರಿನ ಟ್ಯಾಂಕು ಕೊಡಿ. ದಾವಣಗೆರೆಯ ಮಂಡಕ್ಕಿ–ಮಿರ್ಚಿಯನ್ನು ಗಾಜಿನ ಕಟ್ಟಡಕ್ಕೆ ಸೇರಿಸಿ ಗಾಡಿಯವರನ್ನು ಓಡಿಸಿದರೆ ಊರಿಗೆ ಏನು ಉಳಿಯುತ್ತದೆ ಎಂದು ನೀವೇ ಯೋಚಿಸಿ.

ದಾರಿಹೋಕರಿಗೆ ಮರ, ಬಾವಿ ಮಾಡಿಸಿದ್ದನ್ನು ಅಶೋಕ ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆಯೇ ಬರೆಸಿದ್ದಾನಲ್ಲ, ಅದನ್ನು ನಿಮ್ಮ ಮುನ್ನುಡಿಗೆ ಹಾಕಿಕೊಳ್ಳಬಹುದು.


ಉತ್ತರ: ನಾರ್ವೆಯಲ್ಲಿ ಕೆಲಸದಲ್ಲಿರುವ ಹರಿಹರದವನು

ದೂರದ ಉತ್ತರದಲ್ಲಿ ರಸ್ತೆಬದಿಯ ಸೌಕರ್ಯಗಳನ್ನು ಕಟ್ಟಿದ ದೇಶದ ಉದಾಹರಣೆ ನಿಮಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ನಾರ್ವೆಯಲ್ಲಿ 18 ರಸ್ತೆಗಳನ್ನು ರಾಷ್ಟ್ರೀಯ ಪ್ರವಾಸಿ ಮಾರ್ಗಗಳೆಂದು ಆರಿಸಿ, ಅವುಗಳ ಬದಿಯಲ್ಲಿ ವೀಕ್ಷಣಾ ಕಟ್ಟೆ, ಶೌಚಾಲಯ, ವಿಶ್ರಾಂತಿ ತಾಣಗಳನ್ನು ವಾಸ್ತುಶಿಲ್ಪಿಗಳಿಂದ ಮಾಡಿಸಿದ್ದಾರೆ. ಔರ್‌ಲ್ಯಾಂಡ್‌ನ ಮೇಲೆ ಬೆಟ್ಟದಿಂದ 30 ಮೀಟರ್ ಹೊರಚಾಚಿದ ಸ್ಟೇಗಾಸ್ಟೈನ್ ಕಟ್ಟೆಯ ಚಿತ್ರವನ್ನು ನೀವು ಖಂಡಿತ ನೋಡಿರುತ್ತೀರಿ. ನಿಮ್ಮ ಮೊದಲ ನಕ್ಷೆಯ ಗಾಜಿನ ಕಟ್ಟೆಯ ಮೂಲ ಅಂಥ ಚಿತ್ರಗಳಲ್ಲಿರಬಹುದು.

ಆದರೆ ನಾನು ಹೇಳಬೇಕೆಂದಿರುವುದು ದೇಶದ ಈಶಾನ್ಯ ತುದಿಯ ವರಂಗರ್ ಮಾರ್ಗದ ಬಗ್ಗೆ. ಅದು 160 ಕಿಲೋಮೀಟರ್ ಉದ್ದದ್ದು, ಆರ್ಕ್‌ಟಿಕ್ ಸಮುದ್ರದ ದಂಡೆಯಲ್ಲಿ ಹಾಮ್ನಿಂಗ್‌ಬೆರ್ಗ್ ಎಂಬ ಮೀನುಗಾರರ ಹಳ್ಳಿಯಲ್ಲಿ ಮುಗಿಯುತ್ತದೆ. ಕೊನೆಯ ತುಂಡು ಚಳಿಗಾಲದಲ್ಲಿ ಮುಚ್ಚುತ್ತದೆ. ದಾರಿಯಲ್ಲಿ ವಾರ್ಡೋ ಎಂಬ ಪುಟ್ಟ ಊರಿದೆ. ಮಾಟಗಾತಿಯರೆಂಬ ಆರೋಪದಲ್ಲಿ 17ನೇ ಶತಮಾನದಲ್ಲಿ ಕೊಲ್ಲಲ್ಪಟ್ಟ 91 ಜನರಿಗಾಗಿ ಅಲ್ಲಿ 2011ರಲ್ಲಿ ಸ್ಮಾರಕವೊಂದನ್ನು ತೆರೆದರು. ವಾಸ್ತುಶಿಲ್ಪಿ ಪೀಟರ್ ಜುಮ್‌ಥೋರ್ ಮತ್ತು ಕಲಾವಿದೆ ಲೂಯಿಸ್ ಬೂರ್ಜ್ವಾ ಸೇರಿ ಮಾಡಿದ್ದು. ಮರದ ಚೌಕಟ್ಟಿನಲ್ಲಿ ತೂಗುಹಾಕಿದ ಉದ್ದನೆಯ ಬಟ್ಟೆಯ ಓಣಿಯೊಳಗೆ ಒಬ್ಬೊಬ್ಬರಿಗೂ ಒಂದು ಕಿಟಕಿ, ಒಂದು ದೀಪ. ಆ ಸೀಮೆಯ ಮೀನು ಒಣಹಾಕುವ ಮರದ ಚೌಕಟ್ಟುಗಳನ್ನೇ ಅದು ನೆನಪಿಸುತ್ತದೆ. ನಾನು ಗಾಳಿ ಬೀಸುವ ಒಂದು ಸಂಜೆ ಅದರೊಳಗೆ ನಡೆದಿದ್ದೇನೆ. ಹೊರಗೆ ಬಂದ ಮೇಲೆ ಬಹಳ ಹೊತ್ತು ಮಾತಾಡಲಾಗಲಿಲ್ಲ. ಪ್ರವಾಸಿಯನ್ನು ನಿಲ್ಲಿಸುವುದು ಬರೀ ನೋಟವಲ್ಲ, ಆ ಜಾಗದ ಜನರ ಬದುಕು ಎಂಬುದನ್ನು ಅಲ್ಲಿ ಕಲಿತೆ. ನಿಮ್ಮ ದಾರಿಯಲ್ಲಿ ಪಶ್ಮೀನಾ ಮೇಕೆಗಳನ್ನು ಸಾಕುವ ಚಾಂಗ್ಪಾ ಅಲೆಮಾರಿಗಳಿದ್ದಾರೆ. ದೆಬ್ರಿಂಗ್ ಇರುವ ಮೊರೆ ಬಯಲಿನ ನಿಲ್ದಾಣದಲ್ಲಿ ಅವರ ಮಾತಿಗೆ ಜಾಗವಿರಲಿ, ಅವರ ಅನುಮತಿಯಿಂದ, ಅವರೇ ಹೇಳುವಂತೆ.

ಎರಡು ದೇಶಗಳ ನಡುವಿನ ಅಂತರವನ್ನೂ ಮುಚ್ಚಿಡಬಾರದು. ವರಂಗರ್ ಸಮುದ್ರಮಟ್ಟದ ರಸ್ತೆ, ಉಸಿರಿನ ಕಷ್ಟ ಅಲ್ಲಿಲ್ಲ. ಈ ತಾಣಗಳನ್ನು ಕಟ್ಟಿಸಿದ್ದು ಸರ್ಕಾರದ ರಸ್ತೆ ಇಲಾಖೆ, ನಿರ್ವಹಣೆಯೂ ರಸ್ತೆಯ ಕೆಲಸದ ಭಾಗವೇ. ಹಿರಿಯೂರಿನ ಯಜಮಾನರು ಹೇಳಿದ ‘ಬೇರೆ ದುಡ್ಡು’ ಅಲ್ಲಿ ಮೊದಲಿನಿಂದಲೇ ಇದೆ. ಇನ್ನು ಐಸ್‌ಲ್ಯಾಂಡ್‌ನಲ್ಲಿ ಆದದ್ದು ಎಚ್ಚರಿಕೆಯಾಗಿರಲಿ. ಆ ದ್ವೀಪವನ್ನು ಸುತ್ತುವ ರಸ್ತೆ ಪೂರ್ತಿಯಾದದ್ದು 1974ರಲ್ಲಿ. 2010ರಲ್ಲಿ ಐದು ಲಕ್ಷದ ಹತ್ತಿರವಿದ್ದ ಪ್ರವಾಸಿಗರ ಸಂಖ್ಯೆ 2018ರಲ್ಲಿ 23 ಲಕ್ಷ ಮುಟ್ಟಿತು. ಆಗ ದೇಶದ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. ಕಾಲುದಾರಿಯ ಬದಿಯ ಪಾಚಿಯನ್ನು ಜನ ತುಳಿದು ಹಾಳುಮಾಡಿದ್ದರಿಂದ 2019ರಲ್ಲಿ ಒಂದು ಪ್ರಸಿದ್ಧ ಕಮರಿಯನ್ನೇ ಕೆಲಕಾಲ ಮುಚ್ಚಬೇಕಾಯಿತು. 2011ರ ಜನಗಣತಿಯಂತೆ ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ 31,564 ಜನರಿದ್ದರು. ಸುರಂಗದ ಮೂಲಕ ಬರುವ ಗಾಡಿಗಳ ಎದುರು ಅದು ಎಷ್ಟು ಚಿಕ್ಕ ಸಮುದಾಯವೆಂದು ಯೋಚಿಸಿ. ಗಾಡಿ ರಸ್ತೆಯಿಂದ ಇಳಿದು ಬಯಲಿಗೆ ನುಗ್ಗದಂತೆ ಸಾಲುಗಲ್ಲು ಇಡುವುದೂ ವಿನ್ಯಾಸವೇ, ನನ್ನ ದೃಷ್ಟಿಯಲ್ಲಿ ಕಟ್ಟೆಗಿಂತ ಮುಖ್ಯವಾದದ್ದು.


ಉತ್ತರ: ಮೊಳಕಾಲ್ಮುರಿನ ಇತಿಹಾಸ ಮೇಷ್ಟ್ರು

ಹಿರಿಯೂರಿನ ಮಿತ್ರರ ಮಾತಿನಲ್ಲಿ ಒಂದು ತಿದ್ದುಪಡಿ ಅಗತ್ಯ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅವುಗಳಲ್ಲಿ ತಂದೆತಾಯಿಯರ, ಗುರುಗಳ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ಇವುಗಳ ಮಾತಿದೆಯೇ ಹೊರತು ರಸ್ತೆಬದಿಯ ಮರಗಳದಲ್ಲ. ಆಲದ ಮರ, ಮಾವಿನ ತೋಪು, ಬಾವಿ, ತಂಗುಮನೆ, ನೀರು ಕೊಡುವ ತಾಣಗಳ ಮಾತು ಬರುವುದು ಈಗ ದೆಹಲಿಯಲ್ಲಿರುವ, ತೋಪ್ರಾದಿಂದ ತಂದ ಕಂಬದ ಏಳನೆಯ ಶಾಸನದಲ್ಲಿ. ಮುನ್ನುಡಿಯಲ್ಲಿ ಸರಿಯಾಗಿ ಬರೆಯಿರಿ.

ನಿಮ್ಮ ಮೂಲ ಪ್ರಶ್ನೆಗೆ, ಅಂದರೆ ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ, ನಮ್ಮ ಕನ್ನಡ ಶಾಸನಗಳಲ್ಲೇ ಹತ್ತಿರದ ಉತ್ತರವಿದೆ. ಅರವಟ್ಟಿಗೆ ಇಡಿಸಿದವರು ಬರೀ ಮಂಟಪ ಕಟ್ಟಿ, ಕೊಡ ಇಟ್ಟು ಹೋಗುತ್ತಿರಲಿಲ್ಲ. ಅದು ನಡೆಯಲೆಂದು ಭೂಮಿಯನ್ನೂ ದತ್ತಿ ಬಿಡುತ್ತಿದ್ದರು. ನೀರು ತುಂಬುವವನ ಜೀವನಕ್ಕೆ ಆ ಹೊಲದ ಬೆಳೆ ಆಧಾರ. ಕಟ್ಟಿಸಿದವನ ವಂಶ ಅಳಿದರೂ ಕೊಡ ತುಂಬುತ್ತಿತ್ತು. ನಿಮ್ಮ ನಿಲ್ದಾಣಕ್ಕೂ ಅಂಥ ದತ್ತಿ ಯಾವುದೆಂದು ಕೇಳಿಕೊಳ್ಳಿ. ಬರುವ ಪ್ರತಿ ಗಾಡಿಯಿಂದ ಕೇಲಾಂಗ್‌ನಲ್ಲೋ ಲೇಹ್ ಕಡೆಯ ಉಪ್ಶಿಯಲ್ಲೋ ಒಂದು ಶುಲ್ಕ ಪಡೆದು, ಅದನ್ನು ಬೇರೆ ಯಾವುದಕ್ಕೂ ಮುಟ್ಟದೆ, ಶೌಚಾಲಯ ನೋಡಿಕೊಳ್ಳುವ ಹಳ್ಳಿಯ ಸಂಘಕ್ಕೆ ಕೊಡುವ ಕರಾರು ಸಾಧ್ಯವೇ? ಸಂಬಳ ಐದು ತಿಂಗಳ ಕೆಲಸಕ್ಕಾದರೂ ಹನ್ನೆರಡು ತಿಂಗಳಿಗೆ ಹಂಚಿ ಬರುವಂತಿರಲಿ.


ವಿದ್ಯಾರ್ಥಿನಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೇಷ್ಟ್ರ ತಿದ್ದುಪಡಿಯನ್ನು ಬರೆದುಕೊಂಡಿದ್ದೇನೆ. ವಿನ್ಯಾಸ ಈಗ ಹೀಗೆ ಬದಲಾಗಿದೆ. ದಾರ್ಚಾದಲ್ಲಿ ಮಾತ್ರ ಕಲ್ಲು–ಮಣ್ಣಿನ ಗಟ್ಟಿ ಕಟ್ಟಡ: ಆಮ್ಲಜನಕ ಮತ್ತು ಪ್ರಥಮ ಚಿಕಿತ್ಸೆಯ ಕೋಣೆ, ಎತ್ತರದ ಬಗ್ಗೆ ತಿಳಿಸಿ ಅವಸರದವರನ್ನು ಜಿಸ್ಪಾಕ್ಕೆ ಹಿಂದಿರುಗಿಸುವ ಮಾಹಿತಿ ಕಟ್ಟೆ, ಚಳಿಗಾಲದ ಉಗ್ರಾಣ. ಜಿಂಗ್‌ಜಿಂಗ್‌ಬಾರ್, ಸರ್ಚು, ಪಾಂಗ್, ದೆಬ್ರಿಂಗ್‌ಗಳಲ್ಲಿ ಎರಡು ಕೋಣೆಯ ಒಣ ಶೌಚಾಲಯಗಳ ಕಲ್ಲಿನ ತಳ ಮಾತ್ರ ಶಾಶ್ವತ. ಮೇಲಿನ ಗೋಡೆ ಮತ್ತು ಮಾಡು ಬಿಚ್ಚುವ ಹಲಗೆಗಳದು. ಧಾಬಾಗಳು ಇದ್ದಲ್ಲೇ ಇರುತ್ತವೆ, ಅವುಗಳ ಗಾಳಿಯ ಬದಿಗೆ ಅರ್ಧಚಂದ್ರಾಕಾರದ ಕಲ್ಲುಗೋಡೆ ಬರುತ್ತದೆ. ನಕ್ಷೆಗಳ ಕಟ್ಟಿನಲ್ಲಿ ಮೊದಲ ಹಾಳೆಯಾಗಿ ಗೊಬ್ಬರ ಸಾಗಣೆಯ ಮತ್ತು ಸಂಬಳದ ವಾರ್ಷಿಕ ಪಟ್ಟಿಯನ್ನು ಇಟ್ಟಿದ್ದೇನೆ. ವೀಕ್ಷಣಾ ಕಟ್ಟೆಯನ್ನು ತೆಗೆದಿದ್ದೇನೆ. ಈ ಬೇಸಿಗೆಯಲ್ಲಿ ತಾಯಿಯೂ ಮತ್ತೆ ಬರುತ್ತೇನೆಂದಿದ್ದಾರೆ. ಈ ಬಾರಿ ಜಿಸ್ಪಾದಲ್ಲಿ ಎರಡು ರಾತ್ರಿ ಉಳಿದು, ನಾಲಾಗಳ ಬಳಿ ಗಾಡಿ ನಿಲ್ಲುವ ಜಾಗಗಳನ್ನು ಗುರುತಿಸುತ್ತೇವೆ.

ಹೊಸದುರ್ಗದ ಹಿರಿಯರಿಗೆ ಒಂದು ಕೊನೆಯ ಪ್ರಶ್ನೆ: ಈ ಹಲಗೆಗಳನ್ನು ಅಕ್ಟೋಬರ್‌ನಲ್ಲಿ ಬಿಚ್ಚಿ ದಾರ್ಚಾಕ್ಕೆ ಇಳಿಸಿ, ಜೂನ್‌ನಲ್ಲಿ ಮತ್ತೆ ಜೋಡಿಸುವುದು ಅಲ್ಲಿಯ ನಾಲ್ಕು ಜನರಿಗೆ ಸಾಧ್ಯವಾಗುವಂತೆ ಯಾವ ಅಳತೆ ಇಟ್ಟುಕೊಳ್ಳಬೇಕು?


ಉತ್ತರ: ಹೊಸದುರ್ಗದ ನಿವೃತ್ತ ರಸ್ತೆ ಮೇಲ್ವಿಚಾರಕ

ಕೆಳಗೆ ಒಬ್ಬ ಎತ್ತುವ ತೂಕವನ್ನು ಅಲ್ಲಿ ಇಬ್ಬರು ಎತ್ತುತ್ತಾರೆಂದು ಇಟ್ಟುಕೊ. ಒಂದು ಹಲಗೆ 25 ಕಿಲೋ ಮೀರದಿರಲಿ, ಲಾರಿಯ ಅಗಲಕ್ಕಿಂತ ಉದ್ದವಾಗದಿರಲಿ. ಗಾಳಿ ಜೋರಾಗುವುದು ಮಧ್ಯಾಹ್ನ. ಜೋಡಿಸುವ ಕೆಲಸವೆಲ್ಲ ಹನ್ನೆರಡು ಗಂಟೆಯೊಳಗೆ ಮುಗಿಯುವಷ್ಟು ಕಡಿಮೆ ತುಂಡುಗಳಿರಲಿ. ಬೋಲ್ಟುಗಳೆಲ್ಲ ಒಂದೇ ಅಳತೆಯವಿರಲಿ, ಒಂದೇ ಪಾನಾ ಸಾಕಾಗುವಂತೆ. ದಪ್ಪ ಕೈಗವಸು ಹಾಕಿಕೊಂಡೇ ಹಿಡಿಯುವಷ್ಟು ದೊಡ್ಡವಿರಲಿ. ಆ ಚಳಿಯಲ್ಲಿ ಬರಿಗೈಯಿಂದ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ.